ನಿಷೇಧ ಹೇರಿದರೆ ಸಾಲದು, ಹೋಗಿ ನೋಡುವವರೂ ಬೇಕು: ನಮ್ಮ ಮೂವರು ಸಂಸದರಿಗೆ ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಲೋಕಸಭಾ ಕ್ಷೇತ್ರಗಳ ಮಾನ್ಯ ಸದಸ್ಯರಿಗೆ,

ವಿಷಯ: ಸಾಮೂಹಿಕ ನಾಶದ ಅಸ್ತ್ರಗಳು ಹರಡದಂತೆ ತಡೆಯುವ ಒಪ್ಪಂದಗಳಿಗೆ ತಪಾಸಣೆಯ ಬಲ ತುಂಬಲು ಸಂಸತ್ತಿನಲ್ಲಿ ದನಿ ಎತ್ತಬೇಕೆಂಬ ಮನವಿ.

ಸನ್ಮಾನ್ಯರೇ, ನಮಸ್ಕಾರ.

ನಾನು ಸಿಂಧನೂರಿನವಳು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ನನ್ನ ಜಿಲ್ಲೆ ರಾಯಚೂರು, ಓಟು ಕೊಪ್ಪಳ ಕ್ಷೇತ್ರಕ್ಕೆ, ತವರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು. ಅದಕ್ಕೇ ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ.

ನಿಮಗೆ ದಿನಾ ಎಂಥ ಪತ್ರಗಳು ಬರುತ್ತವೆ ಎಂದು ಊಹಿಸಬಲ್ಲೆ. ಕಾಲುವೆಯ ಕೆಳಭಾಗದ ಹೊಲಗಳಿಗೆ ನೀರು ಮುಟ್ಟಲಿ, ಮೆಣಸಿನಕಾಯಿಗೆ ಬೆಲೆ ಸಿಗಲಿ, ರಾಯಚೂರಿಗೆ ಏಮ್ಸ್ ಬರಲಿ. ಅವೆಲ್ಲಾ ನನಗೂ ಬೇಕು. ಆದರೆ ಈ ಪತ್ರ ರಾಸಾಯನಿಕ, ಜೈವಿಕ ಮತ್ತು ಅಣು ಅಸ್ತ್ರಗಳ ಬಗ್ಗೆ. ಇದು ದಿಲ್ಲಿ, ಜಿನೀವಾ, ವಿಯೆನ್ನಾದವರ ವಿಷಯ, ಸಿಂಧನೂರಿನ ನರ್ಸ್‌ಗೆ ಇದರಲ್ಲೇನು ಕೆಲಸ ಎಂದು ಯಾರಿಗಾದರೂ ಅನ್ನಿಸಬಹುದು. ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕಾಲ ಬಂತೆಂದರೆ ಆಸ್ಪತ್ರೆಯವರಿಗೆ ಮೊದಲೇ ಗೊತ್ತಾಗುತ್ತದೆ. ಸಂಜೆ ಹೊತ್ತಿಗೆ ಟಂಟಂ ಗಾಡಿಯಲ್ಲಿ, ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಕರೆತರುತ್ತಾರೆ. ಬಾಯಲ್ಲಿ ಜೊಲ್ಲು ನಿಲ್ಲುವುದಿಲ್ಲ. ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ಸ್ನಾಯುಗಳು ಅಲ್ಲಲ್ಲಿ ಅದುರುತ್ತಿರುತ್ತವೆ. ಎದೆಯಲ್ಲಿ ಕಫ ತುಂಬಿ ಉಸಿರು ಸಿಗದೆ ಒದ್ದಾಡುತ್ತಾರೆ. ನಾವು ಮೊದಲು ಬಟ್ಟೆ ತೆಗೆಸಿ, ಮೈ ತೊಳೆಸಿ, ಈ ವಿಷಕ್ಕೆ ಮದ್ದಾದ ಅಟ್ರೊಪಿನ್ ಶುರು ಮಾಡುತ್ತಿದ್ದೆವು. ಒಂದೆರಡು ಆಂಪುಲ್‌ಗೆ ಮುಗಿಯುವ ಕೆಲಸ ಅಲ್ಲ ಅದು. ಎದೆ ತಿಳಿಯಾಗುವ ತನಕ ಕೊಡುತ್ತಲೇ ಇರಬೇಕು. ರಾತ್ರಿ ಸ್ಟಾಕ್ ಮುಗಿದು, ಮನೆಯವರನ್ನು ಔಷಧ ಅಂಗಡಿಗೆ ಓಡಿಸಿದ್ದೂ ಇದೆ.

ಇದು ಆರ್ಗನೋಫಾಸ್ಫೇಟ್ ವಿಷ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ನಿಲ್ಲಿಸುವ ಕಿಣ್ವ ನಮ್ಮ ದೇಹದಲ್ಲಿದೆ. ಈ ವಿಷ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ, ಸ್ನಾಯು ಸುಸ್ತಾಗಿ ಸೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುವೂ ಸೋಲುತ್ತದೆ.

ಸರಿನ್ ಎಂಬ ಯುದ್ಧದ ವಿಷಾನಿಲ ಮಾಡುವುದೂ ಇದನ್ನೇ. ಅದು ಹುಟ್ಟಿದ್ದೂ ಇದೇ ಮನೆತನದಲ್ಲಿ. ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಎಂಬ ರಸಾಯನಶಾಸ್ತ್ರಜ್ಞ 1936ರಲ್ಲಿ ಬೆಳೆಯ ಹುಳ ಕೊಲ್ಲುವ ಹೊಸ ಔಷಧ ಹುಡುಕುತ್ತಿದ್ದ. ಸಿಕ್ಕಿದ್ದು ಟಬೂನ್, ಮನುಷ್ಯರನ್ನೇ ಕೊಲ್ಲುವ ವಿಷ. ಸೈನ್ಯ ಅದನ್ನು ಎತ್ತಿಕೊಂಡಿತು. 1938ರಲ್ಲಿ ಸರಿನ್ ಬಂತು. ಮುಂದೆ 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕೀಟನಾಶಕವೆಂದೇ ಶುರುವಾದ ಸಂಶೋಧನೆಯಿಂದ ವಿಎಕ್ಸ್ ಎಂಬ ಇದೇ ಬಗೆಯ ವಿಷ ಬಂತು. 2017ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರ ವಿಮಾನ ನಿಲ್ದಾಣದಲ್ಲಿ ಉತ್ತರ ಕೊರಿಯಾದ ನಾಯಕನ ಮಲಸಹೋದರನನ್ನು ಕೊಂದದ್ದು ಅದೇ ವಿಎಕ್ಸ್.

1988ರ ಮಾರ್ಚ್ 16ರಂದು ಇರಾಕಿನ ಹಲಬ್ಜಾ ಪಟ್ಟಣದ ಮೇಲೆ ಸದ್ದಾಂ ಹುಸೇನನ ವಿಮಾನಗಳು ವಿಷಾನಿಲದ ಬಾಂಬು ಹಾಕಿದವು. ಸುಮಾರು 5,000 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅದರ ಫೋಟೊಗಳನ್ನು ಆಮೇಲೆ ನೋಡಿದಾಗ ನನಗೆ ಅವು ದೂರದ ದೇಶದ ಫೋಟೊಗಳು ಅನ್ನಿಸಲಿಲ್ಲ. ಬಾಯಿಯ ಆ ನೊರೆಯನ್ನು ನಾನು ವಾರ್ಡಿನಲ್ಲಿ ಒರೆಸಿದ್ದೇನೆ.

1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಒಂದು ಧಾರ್ಮಿಕ ಪಂಥದವರು ಸರಿನ್ ಬಿಟ್ಟರು. ಅಲ್ಲಿನ ಒಂದೇ ಆಸ್ಪತ್ರೆಗೆ ಮೊದಲ ದಿನ 640 ಜನ ಬಂದರು. ರೋಗಿಗಳ ಬಟ್ಟೆಯಿಂದ ಎದ್ದ ಆವಿ ಡಾಕ್ಟರು, ನರ್ಸ್‌ಗಳಿಗೂ ತಗುಲಿತು. ಇದು ಸರಿನ್ ಇರಬೇಕು ಎಂದು ಆಸ್ಪತ್ರೆಗಳಿಗೆ ಫೋನ್ ಮಾಡಿ ಹೇಳಿದವರಲ್ಲಿ ಮಾತ್ಸುಮೊಟೊ ಕಡೆಯ ಒಬ್ಬ ವೈದ್ಯರಿದ್ದರು. ಅದಕ್ಕೆ ಹಿಂದಿನ ವರ್ಷ ಆ ಊರಿನಲ್ಲೂ ಅದೇ ಪಂಥದವರು ಸರಿನ್ ಬಿಟ್ಟಿದ್ದರು, ಈ ವೈದ್ಯರು ಆ ರೋಗಿಗಳನ್ನು ನೋಡಿದ್ದರು. ರೋಗದ ಗುರುತು ಬಲ್ಲ ಒಬ್ಬರು ಇದ್ದರೆ ಎಷ್ಟು ಜೀವ ಉಳಿಯುತ್ತದೆ, ಅಲ್ವಾ? ನಮ್ಮ ಮೂರು ಜಿಲ್ಲೆಗಳ ನರ್ಸ್‌ಗಳು, ಡಾಕ್ಟರು ಈ ಗುರುತನ್ನು ದೇಶದ ಬಹುತೇಕರಿಗಿಂತ ಚೆನ್ನಾಗಿ ಬಲ್ಲರು. ಯಾರೂ ಬಯಸಿ ಕಲಿತ ವಿದ್ಯೆ ಅಲ್ಲ ಇದು. ಆದರೂ ಇದೆ, ಬಳಸಿಕೊಳ್ಳಬಹುದು.

ಈಗ ನನ್ನ ದೂರಿಗೆ ಬರುತ್ತೇನೆ.

2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಲವು ಕೀಟನಾಶಕಗಳನ್ನು ನಿಷೇಧಿಸಿತು. ಮಿಥೈಲ್ ಪ್ಯಾರಾಥಿಯಾನ್ ಆಗಲೇ ಹೋಯಿತು. ಫೋರೇಟ್, ಟ್ರೈಜೋಫಾಸ್, ಡೈಕ್ಲೋರ್ವಾಸ್‌ಗಳಿಗೆ 2020ರ ಡಿಸೆಂಬರ್ 31 ಕೊನೆಯ ದಿನವಾಯಿತು. ಸುದ್ದಿ ಕೇಳಿ ನಮಗೆಲ್ಲ ಸಮಾಧಾನ ಆಗಿತ್ತು. ಆದರೆ ಗಡುವು ಮುಗಿದ ಮೇಲೂ ರೋಗಿಯ ಮನೆಯವರು ಚೀಲದಿಂದ ತೆಗೆದು ತೋರಿಸುತ್ತಿದ್ದ ಡಬ್ಬಿಗಳಲ್ಲಿ ಅವೇ ಹೆಸರುಗಳು ಇರುತ್ತಿದ್ದವು. ಕೆಲವು ಡಬ್ಬಿಗಳ ಮೇಲೆ ಚೀಟಿಯೇ ಇಲ್ಲ. ಯಾವ ವಿಷ ಎಂದು ತಿಳಿಯದೆ ಚಿಕಿತ್ಸೆ ಶುರು ಮಾಡಬೇಕು. ಎಲ್ಲಿಂದ ತಂದಿರಿ ಎಂದು ಕೇಳಿದರೆ ಊರಿನ ಅಂಗಡಿ ಎನ್ನುತ್ತಿದ್ದರು. ಅಂಗಡಿಗೆ ಯಾರಾದರೂ ಬಂದು ನೋಡುತ್ತಾರಾ ಎಂದರೆ, ವರ್ಷಕ್ಕೊಮ್ಮೆ ಬಂದು ರಿಜಿಸ್ಟರ್‌ಗೆ ಸಹಿ ಹಾಕಿ ಹೋಗುತ್ತಾರೆ ಎನ್ನುತ್ತಿದ್ದರು. ನಾವು ಮೇಲಿನವರಿಗೆ ಬರೆದುಕೊಟ್ಟೆವು. ಬರೆದದ್ದು ಫೈಲಿನಲ್ಲೇ ಉಳಿಯಿತು.

ಆದೇಶ ಸರಿಯಾಗಿತ್ತು. ಹೋಗಿ ನೋಡುವವರಿರಲಿಲ್ಲ. ಅಷ್ಟೇ ವ್ಯತ್ಯಾಸಕ್ಕೆ ಕೂಲಿಕಾರರು ಐಸಿಯುಗೆ ಬಂದರು.

ಈ ಅಸ್ತ್ರಗಳ ಒಪ್ಪಂದಗಳ ಬಗ್ಗೆ ಓದತೊಡಗಿದಾಗ ಇದೇ ಕಥೆ ಪ್ರಪಂಚದ ಮಟ್ಟದಲ್ಲಿ ಕಾಣಿಸಿತು. ಎಲ್ಲಿ ಹೋಗಿ ನೋಡುವವರು ಇದ್ದಾರೋ ಅಲ್ಲಿ ಒಪ್ಪಂದ ಕೆಲಸ ಮಾಡಿದೆ. ಇಲ್ಲದ ಕಡೆ ಅದು ಕಾಗದವಾಗಿಯೇ ಉಳಿದಿದೆ.

ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ ಜಾರಿಗೆ ಬಂದದ್ದು 1997ರ ಏಪ್ರಿಲ್ 29ರಂದು. ಈಗ 193 ದೇಶಗಳು ಅದರಲ್ಲಿವೆ. ಅದನ್ನು ನೋಡಿಕೊಳ್ಳಲು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಒಪಿಸಿಡಬ್ಲ್ಯು ಎಂಬ ಸಂಸ್ಥೆ ಇದೆ. ಅದಕ್ಕೆ ತನ್ನದೇ ತಪಾಸಕರಿದ್ದಾರೆ, ಪ್ರಯೋಗಾಲಯವಿದೆ. ಸದಸ್ಯ ದೇಶಗಳು ತಮ್ಮ ದಾಸ್ತಾನು ಎಷ್ಟು ಎಂದು ಬರೆದು ಕೊಡಬೇಕು. ತಪಾಸಕರು ಹೋಗಿ ಎಣಿಸುತ್ತಾರೆ, ನಾಶ ಮಾಡುವಾಗ ಎದುರು ನಿಂತು ನೋಡುತ್ತಾರೆ. ಸಾಮಾನ್ಯ ರಾಸಾಯನಿಕ ಕಾರ್ಖಾನೆಗಳಿಗೂ ಹೋಗುತ್ತಾರೆ, ಭಾರತದ ಕಾರ್ಖಾನೆಗಳಿಗೂ ಬರುತ್ತಾರೆ. ಹೀಗೆ ಘೋಷಿತವಾದ 72 ಸಾವಿರ ಟನ್‌ಗೂ ಜಾಸ್ತಿ ವಿಷ ನಾಶವಾಯಿತು. 2023ರ ಜುಲೈನಲ್ಲಿ ಅಮೆರಿಕ ತನ್ನ ಕೊನೆಯ ವಿಷದ ರಾಕೆಟ್ಟುಗಳನ್ನು ನಾಶಮಾಡಿದಾಗ ಆ ಲೆಕ್ಕ ಪೂರ್ತಿಯಾಯಿತು. ಈ ಸಂಸ್ಥೆಗೆ 2013ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದೆ.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ, ಅದನ್ನು ಎದೆಯುಬ್ಬಿಸಿ ಹೇಳಬೇಕು. 1992ರಲ್ಲಿ ಭಾರತ ಮತ್ತು ಪಾಕಿಸ್ತಾನ ರಾಸಾಯನಿಕ ಅಸ್ತ್ರ ತಯಾರಿಸುವುದಿಲ್ಲ, ಬಳಸುವುದಿಲ್ಲ ಎಂದು ಜಂಟಿಯಾಗಿ ಘೋಷಿಸಿದ್ದವು. 1997ರಲ್ಲಿ ಒಪ್ಪಂದದಂತೆ ಲೆಕ್ಕ ಕೊಡುವಾಗ ಭಾರತ ತನ್ನ ಬಳಿ ಸಾವಿರ ಟನ್‌ಗಿಂತ ಜಾಸ್ತಿ ಸಾಸಿವೆ ಅನಿಲ ಎಂಬ ಯುದ್ಧದ ವಿಷ ಇದೆ ಎಂದು ಒಪ್ಪಿಕೊಂಡಿತು. ಪ್ರಪಂಚವೇ ಬೆರಗಾಯಿತು. ಆ ಮಾತು ಹೇಳುವುದಕ್ಕೆ ಧೈರ್ಯ ಬೇಕಿತ್ತು. ಆಮೇಲೆ ತಪಾಸಕರನ್ನು ಒಳಗೆ ಬಿಟ್ಟುಕೊಂಡು, 2009ರ ಹೊತ್ತಿಗೆ ಎಲ್ಲವನ್ನೂ ನಾಶಮಾಡಿತು. ಅಲ್ಬೇನಿಯಾ, ದಕ್ಷಿಣ ಕೊರಿಯಾದ ನಂತರ ಈ ಕೆಲಸ ಮುಗಿಸಿದ ಮೂರನೆಯ ದೇಶ ನಮ್ಮದು. ಶಾಲೆಯ ಪಠ್ಯದಲ್ಲಿ ಇದು ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಒಪ್ಪಂದದ ಇನ್ನೊಂದು ಜಾಣತನ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ಔಡಲ ಬೀಜದಲ್ಲಿ ರೈಸಿನ್ ಎಂಬ ವಿಷವಿದೆ. ಅದು ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಹಾಗಂತ ಔಡಲ ಬೆಳೆಯುವ ರೈತನನ್ನಾಗಲಿ, ಗಾಣದವರನ್ನಾಗಲಿ ಯಾರೂ ತಡೆಯುವುದಿಲ್ಲ. ಕ್ಲೋರಿನ್ ಯಾವ ಪಟ್ಟಿಯಲ್ಲೂ ಇಲ್ಲ. ತುಂಗಭದ್ರೆಯ, ಕೃಷ್ಣೆಯ ನೀರನ್ನು ಕುಡಿಯುವಂತೆ ಮಾಡಲು ನಮ್ಮ ಊರುಗಳಿಗೆ ಅದೇ ಬೇಕು. ಆದರೆ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರೆಯಲ್ಲಿ ಜರ್ಮನ್ ಸೈನ್ಯ ಸಿಲಿಂಡರುಗಳಿಂದ ಬಿಟ್ಟದ್ದೂ ಕ್ಲೋರಿನ್, ಸಿರಿಯಾದಲ್ಲಿ ಈಚೆಗೆ ಜನರ ಮೇಲೆ ಸುರಿದದ್ದೂ ಕ್ಲೋರಿನ್. ಒಪ್ಪಂದ ನೋಡುವುದು ಉದ್ದೇಶವನ್ನು. ಯಾವುದೇ ವಿಷವಾಗಲಿ, ಜನರ ಮೇಲೆ ಅಸ್ತ್ರವಾಗಿ ಬಳಸಿದರೆ ತಪ್ಪು. ಉದ್ದೇಶ ತಿಳಿಯಬೇಕಾದರೆ ಹೋಗಿ ನೋಡಲೇಬೇಕು.

ತಪಾಸಕರು ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಸಿರಿಯಾ 2013ರಲ್ಲಿ ಒಪ್ಪಂದ ಸೇರಿ ಸುಮಾರು 1,300 ಟನ್ ಒಪ್ಪಿಸಿತು. ಆದರೆ 2017ರ ಏಪ್ರಿಲ್‌ನಲ್ಲಿ ಖಾನ್ ಶೇಖೂನ್ ಊರಿನಲ್ಲಿ ಮತ್ತೆ ಸರಿನ್ ಬಿತ್ತು. ಮುಚ್ಚಿಟ್ಟುಕೊಂಡಿದ್ದರು. ಆದರೂ ತಪಾಸಕರು ಮಾದರಿ ಪರೀಕ್ಷಿಸಿ, ಯಾವ ದಾಳಿಯನ್ನು ಯಾರು ಮಾಡಿದರು ಎಂದು ಹೆಸರಿಟ್ಟು ವರದಿ ಕೊಟ್ಟರು. ನಾಳೆ ಯಾವುದಾದರೂ ನ್ಯಾಯಾಲಯಕ್ಕೆ ಬೇಕಾಗುವುದು ಆ ವರದಿಯೇ.

ಇರಾಕಿನ ಉದಾಹರಣೆ ಇನ್ನೂ ದೊಡ್ಡದು. 2002ರ ಕೊನೆಯಿಂದ ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಂಡ ಇರಾಕಿನ ಮೂಲೆಮೂಲೆ ತಡಕಿತು. ಅಸ್ತ್ರ ಸಿಗಲಿಲ್ಲ, ಇನ್ನೂ ಸ್ವಲ್ಪ ಸಮಯ ಕೊಡಿ ಎಂದಿತು. ಕೊಡಲಿಲ್ಲ. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಆಮೇಲೆ ಗೆದ್ದವರೇ ಹುಡುಕಿದರೂ ಅಂಥ ದಾಸ್ತಾನು ಸಿಗಲಿಲ್ಲ. ತಪಾಸಕರು ಹೇಳಿದ್ದೇ ನಿಜವಾಗಿತ್ತು. ಕಳ್ಳನನ್ನು ಹಿಡಿಯುವುದಕ್ಕಷ್ಟೇ ತಪಾಸಕರು ಬೇಕು ಎಂದುಕೊಳ್ಳುತ್ತೇವೆ. ಸುಳ್ಳು ಆರೋಪದಿಂದ ಒಂದು ದೇಶದ ಜನರನ್ನು ಉಳಿಸುವುದಕ್ಕೂ ಅವರೇ ಬೇಕು. ಅವರ ಮಾತಿಗೆ ಬೆಲೆ ಕೊಟ್ಟಿದ್ದರೆ ಲಕ್ಷಾಂತರ ಜನ ಬದುಕುತ್ತಿದ್ದರು.

ನನಗೆ ನಿಜವಾಗಿ ಭಯ ಇರುವುದು ಜೈವಿಕ ಅಸ್ತ್ರಗಳ ಬಗ್ಗೆ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ರೋಗಾಣುಗಳನ್ನು ಅಸ್ತ್ರ ಮಾಡಬಾರದು ಎಂಬ ಒಪ್ಪಂದ 1972ರಲ್ಲಿ ಸಹಿಗೆ ಬಂದು 1975ರ ಮಾರ್ಚ್ 26ರಂದು ಜಾರಿಯಾಯಿತು. ಒಂದು ಇಡೀ ಬಗೆಯ ಅಸ್ತ್ರವನ್ನೇ ನಿಷೇಧಿಸಿದ ಮೊದಲ ಒಪ್ಪಂದ ಅದು. ಭಾರತವೂ ಅದರಲ್ಲಿದೆ. ಆದರೆ ಅದಕ್ಕೆ ಒಬ್ಬನೇ ಒಬ್ಬ ತಪಾಸಕನಿಲ್ಲ. ಹೇಗ್‌ನಂಥ ಸಂಸ್ಥೆ ಇಲ್ಲ, ಪ್ರಯೋಗಾಲಯ ಇಲ್ಲ. ಜಿನೀವಾದಲ್ಲಿ ಬೆರಳೆಣಿಕೆಯ ಸಿಬ್ಬಂದಿ ಇರುವ ಒಂದು ಸಣ್ಣ ಘಟಕವಿದೆ, ಅದು ಸಭೆ ನಡೆಸಲು, ಕಾಗದಪತ್ರ ನೋಡಿಕೊಳ್ಳಲು. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಹೋದ ಹಾಗಿದೆ.

ಇದರ ಫಲ ಏನಾಯಿತು ಎಂಬುದಕ್ಕೆ ಸ್ವೆರ್ಡ್‌ಲೊವ್‌ಸ್ಕ್ ಊರನ್ನು ನೋಡಿ. ಒಪ್ಪಂದ ಬರೆದ ದೇಶಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದು. 1979ರ ಏಪ್ರಿಲ್‌ನಲ್ಲಿ ಆ ಊರಿನ ಸೇನಾ ಕೇಂದ್ರದಿಂದ ಆಂಥ್ರಾಕ್ಸ್ ರೋಗಾಣು ಗಾಳಿಗೆ ಸೋರಿ, ಗಾಳಿ ಬೀಸಿದ ದಿಕ್ಕಿನಲ್ಲಿದ್ದ ಕನಿಷ್ಠ 66 ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು. ನಿಜ ಒಪ್ಪಿಕೊಂಡದ್ದು 1992ರಲ್ಲಿ, ಬೋರಿಸ್ ಯೆಲ್ಟ್ಸಿನ್ ಬಂದ ಮೇಲೆ. ಅಷ್ಟು ವರ್ಷ ಹೋಗಿ ನೋಡುವ ಅಧಿಕಾರ ಯಾರಿಗೂ ಇರಲಿಲ್ಲ.

ಆಂಥ್ರಾಕ್ಸ್ ಅಂದರೆ ನಮ್ಮ ಕುರಿಗಾರರು ಹೆದರುವ ನೆರಡಿ ರೋಗವೇ. ಕುರಿ ದಿಢೀರ್ ಸತ್ತು ಬಿದ್ದು, ಮೂಗು ಬಾಯಲ್ಲಿ ಕಪ್ಪು ರಕ್ತ ಕಂಡರೆ ಅದನ್ನು ಕೊಯ್ಯಬಾರದು, ಆಳವಾಗಿ ಹೂಳಬೇಕು ಎಂದು ಪಶುವೈದ್ಯರು ಹೇಳುತ್ತಾರೆ. ಮಣ್ಣಿನಲ್ಲಿ ಆ ರೋಗಾಣು ದಶಕಗಟ್ಟಲೆ ಬದುಕಿರುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಹಿಂಡು ಹೊಡೆದುಕೊಂಡು ತಿರುಗುವವರ ಬದುಕೇ ಕುರಿ. ಅವರನ್ನು ಕಾಡುವ ರೋಗವನ್ನು ಯಾರೋ ಪುಡಿ ಮಾಡಿ ಲಕೋಟೆಯಲ್ಲಿ ತುಂಬಬಹುದು ಎಂಬುದು 2001ರಲ್ಲಿ ಅಮೆರಿಕದಲ್ಲಿ ಕಂಡಿತು. ಅಂಚೆಯಲ್ಲಿ ಬಂದ ಆ ಪುಡಿಗೆ ಐವರು ಸತ್ತರು. ಬೇಸರದ ಸಂಗತಿ ಎಂದರೆ, ಜೈವಿಕ ಒಪ್ಪಂದಕ್ಕೆ ತಪಾಸಣೆಯ ನಿಯಮ ಸೇರಿಸಲು ವರ್ಷಗಟ್ಟಲೆ ನಡೆದಿದ್ದ ಮಾತುಕತೆಯನ್ನು ಅಮೆರಿಕ ಅದೇ 2001ರ ಜುಲೈನಲ್ಲಿ ತಿರಸ್ಕರಿಸಿತ್ತು. ಮಾತುಕತೆ ಮುರಿದುಬಿತ್ತು. ಅಂದಿನಿಂದ ಸಭೆಗಳು ನಡೆದಿವೆ, ತಪಾಸಕ ಮಾತ್ರ ಹುಟ್ಟಿಲ್ಲ.

ಕೋವಿಡ್ ಕಾಲದಲ್ಲಿ ನಾನು ಡ್ಯೂಟಿಯಲ್ಲಿದ್ದೆ. ಆ ವೈರಸ್ ಅಸ್ತ್ರ ಎಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ವಾರ್ಡಿನ ಹೊರಗೆ ಕೂತ ಸಂಬಂಧಿಕರ ಬಾಯಲ್ಲಿ ದಿನಕ್ಕೊಂದು ವದಂತಿ. ಯಾರೋ ಬೇಕೆಂದೇ ಬಿಟ್ಟದ್ದು ಅಂತೆ, ಲಸಿಕೆಯಲ್ಲೂ ಏನೋ ಇದೆಯಂತೆ. ಆ ಮಾತು ಕೇಳಿ ಲಸಿಕೆ ಬೇಡ ಎಂದು ಓಡಿಹೋದವರನ್ನು ಹಳ್ಳಿಗಳಲ್ಲಿ ನೋಡಿದ್ದೇನೆ. ಎಲ್ಲರೂ ನಂಬುವಂಥ ಒಂದು ತಪಾಸಣಾ ಸಂಸ್ಥೆ ಇದ್ದು, ಎಲ್ಲ ದೇಶಗಳ ಪ್ರಯೋಗಾಲಯಗಳಿಗೂ ಅದು ಹೋಗಿ ಬರುತ್ತಿದ್ದರೆ, ಅಂಥ ಅನುಮಾನಕ್ಕೆ ಉತ್ತರ ಕೊಡಲು ಯಾರಾದರೂ ಇರುತ್ತಿದ್ದರು.

ಅಣು ಅಸ್ತ್ರದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದನ್ನು ಬಲ್ಲವರು ಜಾಸ್ತಿ ಜನ ಇದ್ದಾರೆ. 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಐದು ದೇಶಗಳು ಇಟ್ಟುಕೊಳ್ಳಬಹುದು, ಉಳಿದವರು ಮುಟ್ಟಬಾರದು ಎಂಬ ಭೇದ ಸರಿಯಲ್ಲ ಎಂದು ನಮ್ಮ ವಾದ. ಅದರಲ್ಲಿ ನ್ಯಾಯವಿದೆ. ಅಸ್ತ್ರ ಇಲ್ಲದ ದೇಶಗಳಿಗೆ ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಹೋಗುತ್ತಾರೆ. ರಾಶಿ ರಾಶಿ ಅಸ್ತ್ರ ಇರುವ ಅಮೆರಿಕ ಮತ್ತು ರಷ್ಯಾ ನಡುವೆ ಪರಸ್ಪರ ತಪಾಸಣೆಗೆ ಇದ್ದದ್ದು ನ್ಯೂ ಸ್ಟಾರ್ಟ್ ಒಪ್ಪಂದ. ಅದರಡಿ ಸ್ಥಳಕ್ಕೇ ಹೋಗಿ ನೋಡುವ ತಪಾಸಣೆ ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ನಿಂತಿತು, ಮತ್ತೆ ಶುರುವಾಗಲಿಲ್ಲ. 2023ರ ಫೆಬ್ರುವರಿಯಲ್ಲಿ ರಷ್ಯಾ ಒಪ್ಪಂದದಲ್ಲಿ ತಾನು ಭಾಗವಹಿಸುವುದನ್ನು ತಡೆಹಿಡಿಯಿತು. ಆ ಒಪ್ಪಂದಕ್ಕೆ ಕೊನೆಯ ದಿನ 2026ರ ಫೆಬ್ರುವರಿ 5. ಇಬ್ಬರು ದೊಡ್ಡವರು ಒಬ್ಬರ ಮನೆಗೊಬ್ಬರು ಹೋಗಿ ನೋಡುವುದನ್ನು ಬಿಟ್ಟರೆ ಚಿಕ್ಕವರಿಗೆ ಏನು ಹೇಳುತ್ತಾರೆ?

ನಮ್ಮ ಮಟ್ಟಿಗೆ ಒಂದು ಒಳ್ಳೆಯ ರೂಢಿ ಇದೆ. 1988ರ ಒಪ್ಪಂದದಂತೆ ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣು ಕೇಂದ್ರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತವೆ, ಅವುಗಳ ಮೇಲೆ ದಾಳಿ ಮಾಡಬಾರದು ಎಂದು. ಕಾರ್ಗಿಲ್ ಆಯಿತು, ಮುಂಬೈ ಆಯಿತು, ಪಟ್ಟಿ ಕೊಡುವುದು ನಿಂತಿಲ್ಲ. ಜಗಳದ ನಡುವೆಯೂ ಇಂಥ ಕೆಲಸ ಸಾಧ್ಯ.

ಇನ್ನು ಕಳ್ಳಸಾಗಣೆಯ ವಿಷಯ. 1999ರ ಜೂನ್‌ನಲ್ಲಿ ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ನಮ್ಮ ಕಸ್ಟಮ್ಸ್‌ನವರು ಉತ್ತರ ಕೊರಿಯಾದ ಒಂದು ಹಡಗನ್ನು ತಡೆದರು. ಕಾಗದದಲ್ಲಿ ನೀರು ಶುದ್ಧ ಮಾಡುವ ಯಂತ್ರ ಎಂದಿತ್ತು. ಒಳಗೆ ಕ್ಷಿಪಣಿಯ ಭಾಗಗಳಿದ್ದವು. ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್ ನಡೆಸಿದ ಜಾಲದಲ್ಲಿ ಲಿಬಿಯಾಕ್ಕೆಂದು ಹೊರಟಿದ್ದ, ಯುರೇನಿಯಂ ಸಾಂದ್ರಗೊಳಿಸುವ ಸೆಂಟ್ರಿಫ್ಯೂಜ್ ಯಂತ್ರದ ಭಾಗಗಳು 2003ರಲ್ಲಿ ಹಡಗಿನಲ್ಲಿ ಸಿಕ್ಕವು. ಅವು ತಯಾರಾದದ್ದು ಮಲೇಷ್ಯಾದ ಒಂದು ಸಾಧಾರಣ ಕಾರ್ಖಾನೆಯಲ್ಲಿ. 2004ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಮಾಡಿ, ಇಂಥದ್ದನ್ನು ತಡೆಯುವ ಕಾನೂನು ಎಲ್ಲ ದೇಶಗಳಲ್ಲೂ ಇರಬೇಕು ಎಂದಿತು. ನಾವು 2005ರಲ್ಲಿ ಕಾನೂನು ಮಾಡಿದೆವು. ಅಂಥ ಅಸ್ತ್ರಕ್ಕೆ ಹಣ ಕೊಡುವುದನ್ನೂ ಅಪರಾಧ ಮಾಡಿ 2022ರಲ್ಲಿ ತಿದ್ದುಪಡಿ ತಂದೆವು. ನಿಮ್ಮ ಸದನವೇ ಒಪ್ಪಿದ ಕಾನೂನು ಅದು. ತೋರಣಗಲ್ಲು, ಗಿಣಿಗೇರಾ, ರಾಯಚೂರಿನ ಕೈಗಾರಿಕಾ ಪ್ರದೇಶದಲ್ಲಿ ಉಕ್ಕು, ಯಂತ್ರದ ಭಾಗ, ರಾಸಾಯನಿಕ, ಔಷಧ ತಯಾರಿಸುವವರಿದ್ದಾರೆ. ಯಾವ ವಸ್ತು ಹೊರದೇಶಕ್ಕೆ ಕಳಿಸಲು ವಿಶೇಷ ಪರವಾನಗಿ ಬೇಕು ಎಂಬ ಸ್ಕೋಮೆಟ್ ಪಟ್ಟಿ ದೊಡ್ಡ ಕಂಪನಿಗಳಿಗೆ ಗೊತ್ತಿರುತ್ತದೆ. ಸಣ್ಣ ವರ್ಕ್‌ಶಾಪ್‌ನವರಿಗೆ, ಕೆಮಿಕಲ್ ವ್ಯಾಪಾರಿಗೆ ಅವರ ಭಾಷೆಯಲ್ಲಿ ಯಾರು ಹೇಳಬೇಕು?

ಇಷ್ಟು ಹೇಳಿದ ಮೇಲೆ ನಿಮ್ಮಿಂದ ನನಗೇನು ಬೇಕು ಎಂದು ಸ್ಪಷ್ಟವಾಗಿ ಹೇಳಬೇಕು.

ಮೊದಲನೆಯದು ಸಂಸತ್ತಿನ ಕೆಲಸ. ಜೈವಿಕ ಅಸ್ತ್ರಗಳ ಒಪ್ಪಂದಕ್ಕೆ ತಪಾಸಣೆ ಇರುವ, ಎಲ್ಲರೂ ಪಾಲಿಸಲೇಬೇಕಾದ ನಿಯಮ ಬೇಕು ಎಂದು ಭಾರತ ಜಿನೀವಾದಲ್ಲಿ ಹಿಂದಿನಿಂದಲೂ ಹೇಳುತ್ತಾ ಬಂದಿದೆ. ಸರಿಯಾದ ಮಾತು. ಅದನ್ನು ಮುಂದಕ್ಕೆ ತಳ್ಳಲು ಸರ್ಕಾರ ಈಗ ಏನು ಮಾಡುತ್ತಿದೆ ಎಂದು ವಿದೇಶಾಂಗ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ. ಯಾವ ದೇಶಗಳು ಒಪ್ಪುತ್ತಿಲ್ಲ, ಅವರನ್ನು ಒಪ್ಪಿಸಲು ಭಾರತ ಯಾರ ಜೊತೆ ಸೇರಿದೆ, ಒಪ್ಪಂದದ ಮುಂದಿನ ಪರಿಶೀಲನಾ ಸಮ್ಮೇಳನಕ್ಕೆ ನಮ್ಮ ಪ್ರಸ್ತಾಪ ಏನು ಎಂದು ಕೇಳಿ. ನಮ್ಮ ಮಾತಿಗೆ ತೂಕವಿದೆ. ಭಯೋತ್ಪಾದಕರ ಕೈಗೆ ಇಂಥ ಅಸ್ತ್ರ ಸಿಗಬಾರದು ಎಂಬ ನಿರ್ಣಯವನ್ನು ಭಾರತ 2002ರಿಂದ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಂಡಿಸುತ್ತಿದೆ, ಮತಕ್ಕೆ ಹಾಕದೆಯೇ ಅದು ಅಂಗೀಕಾರವಾಗುತ್ತಿದೆ. ಸ್ವಂತ ದಾಸ್ತಾನನ್ನು ಒಪ್ಪಿಕೊಂಡು, ತಪಾಸಕರ ಎದುರಿಗೆ ನಾಶಮಾಡಿದ ದೇಶ ಮುಂದೆ ನಿಂತು ಕೇಳಿದರೆ ಸುಮ್ನೆ ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ನೀವು ಮೂವರೂ ಒಂದೇ ಪಕ್ಷದವರೇ ಆಗಬೇಕಿಲ್ಲ. ಇಂಥ ಪ್ರಶ್ನೆಗೆ ಪಕ್ಷ ಅಡ್ಡ ಬರಬಾರದು.

ಎರಡನೆಯದು ಊರಿನ ಕೆಲಸ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಯ ಸಭೆಗಳಿಗೆ ಸಂಸದರೇ ಅಧ್ಯಕ್ಷರಾಗಿರುತ್ತೀರಿ. 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು. ಆ ಗುಂಪು ಕೊನೆಯ ಬಾರಿ ಯಾವಾಗ ಸೇರಿತು, ಅಣಕು ಕಾರ್ಯಾಚರಣೆ ಎಲ್ಲಿ ಮಾಡಿತು, ಅದರಲ್ಲಿ ತಾಲ್ಲೂಕು ಆಸ್ಪತ್ರೆಯವರು ಇದ್ದರಾ ಎಂದು ಸಭೆಯಲ್ಲಿ ಕೇಳಿ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸೋರಿ, ಕಣ್ಣುರಿ ಕೆಮ್ಮು ಎಂದು ಜನ ಆಸ್ಪತ್ರೆಗೆ ಓಡಿಬಂದರು. ಗಾಳಿಗೆ ಅಡ್ಡಲಾಗಿ ಓಡಬೇಕು, ತಗ್ಗಿನಲ್ಲಿ ನಿಲ್ಲಬಾರದು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಮ್ಮ ಬಳಿ ಒಂದು ಸರಿಯಾದ ಮಾಸ್ಕ್ ಕೂಡ ಇರಲಿಲ್ಲ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಭೋಪಾಲ ಆದದ್ದು 1984ರಲ್ಲಿ. ಇಷ್ಟು ವರ್ಷಗಳ ಮೇಲೂ ನಾವು ಪುಣ್ಯವನ್ನೇ ನಂಬಿಕೊಂಡು ಇರಬೇಕಾ?

ತಾಲ್ಲೂಕು ಆಸ್ಪತ್ರೆಗಳಲ್ಲಿ ಅಟ್ರೊಪಿನ್, ಪ್ರಾಲಿಡಾಕ್ಸಿಮ್ ಎಂಬ ವಿಷದ ಮದ್ದುಗಳು ಯಾವಾಗಲೂ ಸಾಕಷ್ಟು ಇರಲಿ. ಇದು ಇವತ್ತು ಹೊಲಕ್ಕೆ ಎಣ್ಣೆ ಹೊಡೆದು ಬಿದ್ದವರಿಗೂ ಬೇಕು, ದೇವರು ಹಾಗೆ ಮಾಡದಿರಲಿ, ನಾಳೆ ಬೇರೇನಾದರೂ ಆದರೆ ಅದಕ್ಕೂ ಬೇಕು. ರೋಗಿಯ ಬಟ್ಟೆ ತೆಗೆದು ಮೈ ತೊಳೆಯಲು ಆಸ್ಪತ್ರೆಯ ಬಾಗಿಲ ಹೊರಗೇ ಒಂದು ನಲ್ಲಿ, ಒಂದು ಮರೆ ಬೇಕು. ಅದಕ್ಕೆ ಎಷ್ಟು ಹಣ ಬೇಕು ಹೇಳಿ? ಸಂಸದರ ನಿಧಿಯಿಂದಲೇ ಆಗುವ ಕೆಲಸ. ಒಪಿಸಿಡಬ್ಲ್ಯು ಸದಸ್ಯ ದೇಶಗಳ ವೈದ್ಯರಿಗೆ, ರಕ್ಷಣಾ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಆ ತರಬೇತಿ ಪಡೆದವರನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಕರೆಸಿ, ನಮ್ಮ ನರ್ಸ್‌ಗಳಿಗೆ, 108 ಆಂಬುಲೆನ್ಸ್‌ನವರಿಗೆ ಕನ್ನಡದಲ್ಲಿ ಕಲಿಸುವಂತೆ ಕೇಂದ್ರವನ್ನು ಒತ್ತಾಯಿಸಿ. ನೆರಡಿ ರೋಗದ ವಿಷಯದಲ್ಲಿ ಪಶುಪಾಲನೆ ಇಲಾಖೆ ಮತ್ತು ಆರೋಗ್ಯ ಇಲಾಖೆ ಒಬ್ಬರಿಗೊಬ್ಬರು ಅದೇ ದಿನ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇರಲಿ.

ಮತ್ತು ನಿಷೇಧಿತ ಕೀಟನಾಶಕ. ಕೃಷಿ ಇಲಾಖೆಯ ತಪಾಸಣೆಯನ್ನು ಆಸ್ಪತ್ರೆಯ ದಾಖಲೆಗೆ ಜೋಡಿಸಿ. ವಾರ್ಡಿಗೆ ನಿಷೇಧಿತ ಡಬ್ಬಿ ಬಂದ ದಿನವೇ ಆ ಅಂಗಡಿಗೆ ಅಧಿಕಾರಿ ಹೋಗಬೇಕು. ಕಳ್ಳ ಮಾಲು ಎಲ್ಲಿಂದ ಬರುತ್ತಿದೆ ಎಂಬ ಜಾಡು ಅಲ್ಲೇ ಸಿಗುತ್ತದೆ. ಇಷ್ಟು ಸಣ್ಣ ತಪಾಸಣೆಯನ್ನು ನಮ್ಮ ತಾಲ್ಲೂಕಿನಲ್ಲಿ ಮಾಡಿ ತೋರಿಸಿದರೆ, ಜಿನೀವಾದಲ್ಲಿ ಬೇರೆಯವರಿಗೆ ತಪಾಸಣೆ ಒಪ್ಪಿಕೊಳ್ಳಿ ಎನ್ನುವ ನಮ್ಮ ದೇಶದ ಮಾತಿಗೆ ಬಲ ಬರುತ್ತದೆ.

ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಮೊದಲೇ ನೋಟಿಸ್ ಕೊಡಬೇಕು ಎಂದು ಗೊತ್ತು. ಮುಂದಿನ ಅಧಿವೇಶನಕ್ಕೆ ಈಗಲೇ ಕೊಟ್ಟರೆ ಸಮಯ ಸಾಕು. ನೋಟಿಸ್ ಕೊಟ್ಟ ದಿನ ಅದರ ಪ್ರತಿಯನ್ನು ನಮ್ಮ ಮೂರು ಜಿಲ್ಲೆಯ ಪತ್ರಿಕೆಗಳಿಗೂ ಕೊಡಿ. ದಿಶಾ ಸಭೆಯಲ್ಲಿ ಈ ವಿಷಯ ಇಟ್ಟರೆ, ವಾರ್ಡಿನಲ್ಲಿ ಕಂಡದ್ದನ್ನು ಹೇಳಲು ನಾನು ಮತ್ತು ನನ್ನ ಜೊತೆ ಕೆಲಸ ಮಾಡಿದ ನರ್ಸ್‌ಗಳು ಬರುತ್ತೇವೆ. ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನರ್ಸ್
ಸಿಂಧನೂರು, ರಾಯಚೂರು ಜಿಲ್ಲೆ